ಎಣ್ಣೆ ಪುಕ್ಕಟೆ, ದಾನಾ ದುಬಾರಿ: ಹಾಸನದ ಒಂದು ಚೀಲದ ಶೆಡ್ಡಿನ ಪ್ರಕರಣ

2020ರ ಏಪ್ರಿಲ್ 21, ಬೆಳಗ್ಗೆ ಆರೂವರೆ. ಭಾವನ ಫೋನ್. ಲಾಕ್‌ಡೌನ್ ಕಾಲದಲ್ಲಿ ಅಷ್ಟು ಹೊತ್ತಿಗೇ ಫೋನ್ ಬಂದರೆ ಎದೆ ಧಸಕ್ ಎನ್ನುತ್ತಿತ್ತು. ಆದರೆ ಅವರು ನಗುತ್ತಿದ್ದರು.

“ನ್ಯೂಸ್ ನೋಡಿದ್ಯೇನೋ? ಅಮೆರಿಕದಲ್ಲಿ ಕಚ್ಚಾತೈಲ ತಗೊಂಡ್ರೆ ಅವರೇ ಮೇಲೆ ದುಡ್ಡು ಕೊಡ್ತಾರಂತೆ. ಇನ್ನು ದಾನಾ ರೇಟು ನೆಲ ಕಚ್ಚುತ್ತೆ ಕಣೋ. ಈಗ ಯಾವನೂ ಕೊಳ್ಳಬಾರದು, ಕಾಯಬೇಕು.”

ದಾನಾ ಎಂದರೆ ಭಾವನ ಚೀಲಕ್ಕೆ ಬೇಕಾದ ಪ್ಲಾಸ್ಟಿಕ್ ಕಾಳು. ನಾನೂ ಹೂಂ ಅಂದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬುದ್ಧಿವಂತನ ಹಾಗೆ ಬರೆಯುವುದು ಸುಲಭ.

ಭಾವನದು ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಶೆಡ್ಡು. ಮುಸುಕಿನ ಜೋಳ, ಹಿಂಡಿ, ಪಶು ಆಹಾರ ತುಂಬುವ ಬಿಳಿ ನೇಯ್ಗೆ ಚೀಲ ಮಾಡುತ್ತಾರೆ. ನಮ್ಮ ಕಡೆ ಅದಕ್ಕೆ ಪ್ಲಾಸ್ಟಿಕ್ ಗೋಣಿ ಎನ್ನುತ್ತೇವೆ, ಗೋಣಿಯ ನಾರಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲದಿದ್ದರೂ. ಒಂದು ಹಳೇ ಟೇಪ್ ಪ್ಲಾಂಟು, ಹತ್ತು ಲೂಮು, ಹೊಲಿಯುವ ಮಿಷನ್ನುಗಳು, ಒಂದು ಪ್ರಿಂಟಿಂಗ್ ಮಿಷನ್ನು. ಬಂಡವಾಳದಲ್ಲಿ ಅರ್ಧ ಬ್ಯಾಂಕಿನದು.

ಕಚ್ಚಾ ಮಾಲಿನ ಹೆಸರು ಪಾಲಿಪ್ರೊಪಿಲೀನ್. ವ್ಯಾಪಾರದವರ ಬಾಯಲ್ಲಿ ಅದು ಬರೀ ‘ದಾನಾ’. ನೋಡಲು ಸಬ್ಬಕ್ಕಿಯ ಹಾಗೇ ಇರುತ್ತದೆ. 25 ಕೆ.ಜಿ. ಮೂಟೆಯಲ್ಲಿ ಬರುತ್ತದೆ. ಅದನ್ನು ಕರಗಿಸಿ ತೆಳ್ಳಗಿನ ಹಾಳೆ ಎಳೆಯುತ್ತಾರೆ. ಹಾಳೆಯನ್ನು ಬ್ಲೇಡುಗಳಿಂದ ಸಣ್ಣ ಪಟ್ಟಿಗಳಾಗಿ ಸೀಳುತ್ತಾರೆ. ಆ ಪಟ್ಟಿಯನ್ನು ಬಿಸಿಯಲ್ಲೇ ಹಲವು ಪಟ್ಟು ಉದ್ದಕ್ಕೆ ಜಗ್ಗುತ್ತಾರೆ. ಜಗ್ಗಿದಷ್ಟೂ ಗಟ್ಟಿ. ಆಮೇಲೆ ಬಾಬಿನ್ನಿಗೆ ಸುತ್ತಿ ಲೂಮಿಗೆ ಹಾಕಿದರೆ ಕೊಳವೆಯ ಹಾಗೆ ಬಟ್ಟೆ ಇಳಿಯುತ್ತದೆ. ಕತ್ತರಿಸಿ ಬುಡ ಹೊಲಿದರೆ ಚೀಲ.

50 ಕೆ.ಜಿ. ಹೊರುವ ಚೀಲದ ತೂಕ ನೂರು ಗ್ರಾಮಿನ ಆಸುಪಾಸು. ಅದರ ಖರ್ಚಿನಲ್ಲಿ ದೊಡ್ಡ ಪಾಲು ದಾನಾದ್ದೇ. ಕರೆಂಟು ಉಳಿಸಿ, ಕೂಲಿ ಉಳಿಸಿ ಎಷ್ಟು ಒದ್ದಾಡಿದರೂ ಉಳಿಯುವುದು ಪೈಸೆಯ ಲೆಕ್ಕ. ದಾನಾ ಯಾವ ದಿನ ಕೊಂಡೆವು ಎನ್ನುವುದೇ ವರ್ಷದ ಲಾಭ ನಷ್ಟ ತೀರ್ಮಾನಿಸುತ್ತದೆ.

ನಾನು ಈ ಧಂಧೆಯವನಲ್ಲ. ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವನು. ಮುಂದೆ ಭಾವನ ಪುಸ್ತಕವನ್ನು ನಾನೇ ಕೂತು ತಿರುವಬೇಕಾಗಿ ಬಂತು. ಅದರಿಂದ ಈ ಪ್ರಕರಣ.

ಆಗಿದ್ದೇನು

ಮೇ ತಿಂಗಳಲ್ಲಿ ಶೆಡ್ಡು ಮತ್ತೆ ತೆರೆಯಿತು. ಒಡಿಶಾದ ಹುಡುಗರು ಊರಿಗೆ ಹೋಗಿಬಿಟ್ಟಿದ್ದರು. ಇದ್ದ ಸ್ಥಳೀಯರಲ್ಲೇ ಐದು ಲೂಮು ಓಡಿಸಿದರು. ಆಗ ದಾನಾ ಸ್ವಲ್ಪ ಇಳಿದಿತ್ತು, ಸುಳ್ಳಲ್ಲ. ಡೀಲರ್ ಫೋನ್ ಮಾಡಿ, ನಾಲ್ಕು ತಿಂಗಳ ಮಾಲು ಎತ್ತಿಕೊಳ್ಳಿ ಸಾರ್ ಅಂದ. ಬ್ಯಾಂಕಿನ ಲಿಮಿಟ್ಟಿನಲ್ಲಿ ಅಷ್ಟಕ್ಕೆ ಜಾಗವೂ ಇತ್ತು. ಭಾವ ಹದಿನೈದು ದಿನಕ್ಕೆ ಸಾಕಾಗುವಷ್ಟು ಮಾತ್ರ ತಗೊಂಡರು. ಉಳಿದಿದ್ದನ್ನು ಇನ್ನೂ ಇಳಿದ ಮೇಲೆ ಕೊಳ್ಳುವ ಆಸೆ.

ಅಲ್ಲಿಗೇ ನಿಲ್ಲಿಸಿದ್ದರೆ ಏಟು ಸಣ್ಣದಾಗಿರುತ್ತಿತ್ತು. ಜೂನಿನಲ್ಲಿ ಪಶು ಆಹಾರದ ಒಂದು ಖಾಸಗಿ ಕಂಪನಿಯಿಂದ ದೊಡ್ಡ ಆರ್ಡರ್ ಬಂತು. ಮಾರ್ಚ್‌ವರೆಗೆ ತಿಂಗಳು ತಿಂಗಳು ಚೀಲ ಕೊಡಬೇಕು, ಒಂದೇ ದರಕ್ಕೆ. ಭಾವ ಒಪ್ಪಿಕೊಂಡರು. ಪೈಪೋಟಿಯಲ್ಲಿ ಇನ್ನಿಬ್ಬರು ಇದ್ದರಂತೆ. ಅವರಿಗಿಂತ ಕಡಿಮೆ ಹೇಳಿ ಗೆದ್ದರು.

ನಾನು ಕೇಳಿದೆ, “ಭಾವ, ದಾನಾ ಏರಿದರೆ?”

“ಬಂಗಾರ ಇಳಿದರೆ ಬಳೆ ಇಳಿಯಲ್ವೇನೋ? ಎಣ್ಣೆನೇ ಕಸ ಆಗಿದೆ. ದಾನಾ ಎಲ್ಲಿಂದ ಏರುತ್ತೆ?”

ಏರಿತು. ಮಳೆಗಾಲ ಮುಗಿಯುವ ಹೊತ್ತಿಗೆ ಏರಲು ಶುರುವಾಯಿತು. ದಸರೆಗೆ ಭಾವನ ಲಾಭ ಹೋಗಿತ್ತು. ಸಂಕ್ರಾಂತಿಗೆ ಪ್ರತಿ ಚೀಲಕ್ಕೂ ಕೈಯಿಂದ ಹಾಕುತ್ತಿದ್ದರು. 2021ರ ಫೆಬ್ರವರಿ, ಮಾರ್ಚ್‌ನಲ್ಲಿ ದಾನಾ ಗಗನಕ್ಕೆ ಹೋಯಿತು. ಅಕ್ಕನ ನಾಲ್ಕು ಜೊತೆ ಬಳೆ ಬ್ಯಾಂಕಿನ ಲಾಕರಿಗಲ್ಲ, ಸಾಲದ ಕೌಂಟರಿಗೆ ಹೋದವು.

ತಮಾಷೆ ಏನೆಂದರೆ, ಆ ಮಾರ್ಚ್‌ನಲ್ಲಿ ಕಚ್ಚಾತೈಲ ಬ್ಯಾರಲ್‌ಗೆ 60ರಿಂದ 70 ಡಾಲರ್ ನಡುವೆ ಇತ್ತು. 2008ರಲ್ಲಿ ಅದೇ ಎಣ್ಣೆ 147 ಡಾಲರ್ ಮುಟ್ಟಿತ್ತು. ಅಂದರೆ ಎಣ್ಣೆ ಅಂಥಾ ದುಬಾರಿಯೇನೂ ಆಗಿರಲಿಲ್ಲ. ಭಾವನ ಬಂಗಾರ-ಬಳೆ ಲೆಕ್ಕ ಎರಡೂ ಕಡೆ ಕೈಕೊಟ್ಟಿತ್ತು. ಎಣ್ಣೆ ಬಿದ್ದಾಗ ದಾನಾ ಅಷ್ಟು ಬೀಳಲಿಲ್ಲ. ಎಣ್ಣೆ ಸುಮಾರಾಗಿದ್ದಾಗ ದಾನಾ ಆಕಾಶದಲ್ಲಿತ್ತು.

ಯಾಕೆ?

ಘಟ್ಟದ ಕೆಳಗೆ

ಉತ್ತರ ಹುಡುಕಲು ಶಿರಾಡಿ ಘಾಟಿ ಇಳಿಯಬೇಕು. ಭಾವನ ಶೆಡ್ಡಿಗೆ ಯಾವ ಕಂಪನಿಯ ದಾನಾ ಬರುತ್ತದೆ ಎನ್ನುವುದು ಆ ತಿಂಗಳ ರೇಟಿನ ಮೇಲೆ. ಆದರೆ ನಮಗೆ ಹತ್ತಿರದ ಉದಾಹರಣೆ ಎಂದರೆ ಸುರತ್ಕಲ್ ಬಳಿಯ ಎಂಆರ್‌ಪಿಎಲ್ ತೈಲ ರಿಫೈನರಿ. ಕಂಪನಿ ಹುಟ್ಟಿದ್ದು 1988ರಲ್ಲಿ. 2003ರಿಂದ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಕೈಯಲ್ಲಿದೆ. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಶಕ್ತಿ. ನಮ್ಮೂರಿಗೂ ಅದಕ್ಕೂ ನೆಲದಡಿಯ ನಂಟು ಇದೆ. 2003ರಲ್ಲಿ ಶುರುವಾದ ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನಿನಲ್ಲಿ ಪೆಟ್ರೋಲು, ಡೀಸೆಲ್ ಒಂದರ ಹಿಂದೆ ಒಂದು ಹರಿದು ಬರುತ್ತವೆ. ಉದ್ದ 360 ಕಿ.ಮೀ.ಗೂ ಜಾಸ್ತಿ. ಘಟ್ಟ ಹತ್ತಿಸಲು ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಇನ್ನೊಂದು ಸಲ ಪಂಪು ಮಾಡುತ್ತಾರೆ. ದಾನಾಗೆ ಮಾತ್ರ ಆ ಸೌಭಾಗ್ಯ ಇಲ್ಲ. ಅದು ಲಾರಿಯಲ್ಲೇ ಬರಬೇಕು. ಮಳೆಗಾಲದಲ್ಲಿ ಶಿರಾಡಿಯ ಗುಡ್ಡ ಕುಸಿದರೆ ಲಾರಿಯೂ ಇಲ್ಲ.

ಕಚ್ಚಾತೈಲ ಎನ್ನುವುದು ಒಂದು ವಸ್ತುವಲ್ಲ. ಸಾವಿರಾರು ಬಗೆಯ ಅಣುಗಳ ಕಲಬೆರಕೆ. ಕೆಲವಕ್ಕೆ ಮೂರೋ ನಾಲ್ಕೋ ಇಂಗಾಲದ ಕೊಂಡಿ, ಕೆಲವಕ್ಕೆ ಐವತ್ತು, ಅರವತ್ತು. ಚಿಕ್ಕದು ಬೇಗ ಆವಿಯಾಗುತ್ತದೆ, ದೊಡ್ಡದು ನಿಧಾನ. ಉಪ್ಪು ತೊಳೆದು, 350 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ಎತ್ತರದ ಗೋಪುರಕ್ಕೆ ಬಿಡುತ್ತಾರೆ. ತುದಿಗೆ ಗ್ಯಾಸು ಹೋಗುತ್ತದೆ. ಅದರ ಕೆಳಗೆ ನಾಫ್ತಾ ಎನ್ನುವ ಹಗುರ ಎಣ್ಣೆ. ಆಮೇಲೆ ಸೀಮೆಎಣ್ಣೆ ಮತ್ತು ವಿಮಾನದ ಇಂಧನ, ಅದರಡಿ ಡೀಸೆಲ್. ಬುಡದಲ್ಲಿ ಟಾರಿನಂಥ ಗಸಿ.

ಇಲ್ಲಿಯವರೆಗೆ ಇದು ನನ್ನ ಕೆಲಸವೇ. ತೋಟದಿಂದ ಬಂದ ಕಾಫಿಯ ಸಿಪ್ಪೆ ಸುಲಿದು ಜರಡಿಗೆ ಹಾಕಿ ಆರಿಸಿದರೆ ಎ, ಬಿ, ಸಿ, ಪೀಬೆರಿ, ಬಿಟ್ಸ್, ಕರಿಕಾಳು, ಒಂದೊಂದಾಗಿ ಬೇರೆಯಾಗುತ್ತವೆ. ಪ್ರತಿ ವರ್ಷ ಯಾರಾದರೂ ಬೆಳೆಗಾರರು ಬಂದು ಓಟಿ, ಅಂದರೆ ಮೂಟೆಗೆ ಇಳಿಯುವ ಬೀಜದ ತೂಕ, ಕಡಿಮೆ ಬಂತು, ಎ ಗ್ರೇಡ್ ಕಡಿಮೆ ಬಂತು ಅಂತ ಜಗಳ ತೆಗೆಯುತ್ತಾರೆ. ಗಿಡ ಕೊಟ್ಟಿದ್ದನ್ನೇ ಜರಡಿ ಕೊಡುವುದು ಸ್ವಾಮಿ ಅಂತೀನಿ. ಬರೀ ಎ ಗ್ರೇಡ್ ಬೇಕು, ಕರಿಕಾಳು ಬೇಡ ಅಂದರೆ ಆಗುತ್ತಾ?

ರಿಫೈನರಿ ಮುಂದಕ್ಕೆ ಹೋಗುತ್ತದೆ. ಜರಡಿ ಕೊಟ್ಟಿದ್ದಕ್ಕೆ ತೃಪ್ತಿಪಡುವುದಿಲ್ಲ. ಬುಡದ ಗಸಿಯನ್ನು ಒಡೆಯುತ್ತದೆ. ದೊಡ್ಡ ಅಣುವನ್ನು ಮುರಿದು ಚಿಕ್ಕದು ಮಾಡುತ್ತದೆ, ಚಿಕ್ಕದನ್ನು ಪೋಣಿಸಿ ಮತ್ತೆ ದೊಡ್ಡದು ಮಾಡುತ್ತದೆ. ಕರಿಕಾಳನ್ನು ಒಡೆದು ಎ ಗ್ರೇಡ್ ಮಾಡುವ ಮಿಷನ್ನು ನಮ್ಮಲ್ಲಿದ್ದಿದ್ದರೆ ನಮ್ಮ ಮಾಲೀಕರು ಅದಕ್ಕೆ ದಿನಾ ಮಂಗಳಾರತಿ ಎತ್ತುತ್ತಿದ್ದರು.

ಎಂಆರ್‌ಪಿಎಲ್ ಮೂರನೇ ಹಂತದ ವಿಸ್ತರಣೆಯಲ್ಲಿ ಹಾಕಿಕೊಂಡಿದ್ದು ಇಂಥವೇ ಘಟಕಗಳು. ಕೋಕರ್ ಎನ್ನುವುದು ಬುಡದ ಗಸಿಯನ್ನು ಸುಮಾರು 500 ಡಿಗ್ರಿಯಲ್ಲಿ ಬೇಯಿಸಿ, ಹಿಂಡಬಹುದಾದ ಎಣ್ಣೆಯನ್ನೆಲ್ಲ ಹಿಂಡಿ, ಕೊನೆಗೆ ಕಲ್ಲಿದ್ದಲಿನಂಥ ಪೆಟ್‌ಕೋಕ್ ಉಳಿಸುತ್ತದೆ. ಅದು ಸಿಮೆಂಟು ಗೂಡುಗಳಿಗೆ ಹೋಗುತ್ತದೆ. ಇನ್ನೊಂದು ಘಟಕದ ಹೆಸರು ಪಿಎಫ್‌ಸಿಸಿ, ಪ್ಲಾಸ್ಟಿಕ್ಕಿನಂಥವಕ್ಕೆ ಬೇಕಾದ ಮಾಲಿಗೆಂದೇ ಅಣು ಒಡೆಯುವ ಘಟಕ. ನಮ್ಮ ಚೀಲದ ಕಥೆಗೆ ಇದೇ ತಾಯಿ ಘಟಕ.

ಇದರಲ್ಲಿ ಭಾರದ ಎಣ್ಣೆಯನ್ನು 500 ಡಿಗ್ರಿಗೂ ಮೀರಿದ ಬಿಸಿಯಲ್ಲಿ ನುಣ್ಣಗಿನ ಪುಡಿಯ ಜೊತೆ ಕೊಳವೆಯೊಳಗೆ ಮೇಲಕ್ಕೆ ಚಿಮ್ಮಿಸುತ್ತಾರೆ. ಆ ಪುಡಿಯೇ ವೇಗವರ್ಧಕ. ಕೆಲವೇ ಸೆಕೆಂಡಿನಲ್ಲಿ ಅಣು ಒಡೆಯುತ್ತದೆ. ಪುಡಿಯ ಮೇಲೆ ಮಸಿ ಹಿಡಿಯುತ್ತದೆ. ಪಕ್ಕದ ಪಾತ್ರೆಯಲ್ಲಿ ಆ ಮಸಿಯನ್ನು ಸುಡುತ್ತಾರೆ. ಸುಟ್ಟ ಬಿಸಿಯನ್ನು ಹೊತ್ತುಕೊಂಡೇ ಪುಡಿ ಮತ್ತೆ ಒಡೆಯುವ ಕೆಲಸಕ್ಕೆ ಬರುತ್ತದೆ. ನನಗೆ ತುಂಬ ಇಷ್ಟವಾದ ಭಾಗ ಇದು. ಹೊಟ್ಟನ್ನೇ ಉರಿಸಿ ಕಾಫಿ ಒಣಗಿಸಿದ ಹಾಗೆ.

ಹೀಗೆ ಒಡೆಯುವ ಮಾಮೂಲಿ ಘಟಕ, ಎಫ್‌ಸಿಸಿ, ಇರುವುದು ಪೆಟ್ರೋಲಿಗಾಗಿ. ಅದರಲ್ಲಿ ದಾನಾದ ಮೂಲವಾದ ಪ್ರೊಪಿಲೀನ್ ಅನಿಲ ನೂರಕ್ಕೆ ನಾಲ್ಕೈದು ಪಾಲು ಉದುರಿದರೆ ಹೆಚ್ಚು. ಪೆಟ್ರೋಕೆಮಿಕಲ್‌ಗೆಂದೇ ಮಾಡಿದ ಈ ಬಗೆಯ ಘಟಕದಲ್ಲಿ ಇನ್ನೂ ಜೋರಾಗಿ ಒಡೆದು ಅದನ್ನು ನೂರಕ್ಕೆ ಇಪ್ಪತ್ತರ ಹತ್ತಿರ ತರುತ್ತಾರೆ. ಮಂಗಳೂರಿನ ಘಟಕಕ್ಕೆ ವರ್ಷಕ್ಕೆ 22 ಲಕ್ಷ ಟನ್ ಒಡೆಯುವ ಶಕ್ತಿ. ಅದರ ಬೆನ್ನಿಗಿರುವ ಪಾಲಿಪ್ರೊಪಿಲೀನ್ ಘಟಕಕ್ಕೆ 4.4 ಲಕ್ಷ ಟನ್. ಎರಡನ್ನೂ ಒಂದಕ್ಕೊಂದು ಅಳತೆ ನೋಡಿಯೇ ಹೊಲಿದಿದ್ದಾರೆ. ದಾನಾ 2015ರಲ್ಲಿ ಹೊರಬರಲು ಶುರುವಾಯಿತು. ಅಲ್ಲಿ ಅದರ ಹೆಸರು ಮ್ಯಾಂಗ್‌ಪಾಲ್.

ನಡುವೆ ಒಂದು ಕಷ್ಟದ ಕೆಲಸ ಇದೆ. ಪ್ರೊಪಿಲೀನ್ ಜೊತೆಗೇ ಪ್ರೊಪೇನ್ ಬರುತ್ತದೆ. ಅಕ್ಕ ತಂಗಿಯರ ಹಾಗೆ, ಗುರುತು ಹಿಡಿಯುವುದೇ ಕಷ್ಟ. ಒಂದು ಮೈನಸ್ 48 ಡಿಗ್ರಿಯಲ್ಲಿ ಕುದಿಯುತ್ತದೆ, ಇನ್ನೊಂದು ಮೈನಸ್ 42ರಲ್ಲಿ. ಆರು ಡಿಗ್ರಿ ವ್ಯತ್ಯಾಸ ಅಷ್ಟೇ. ಬೇರೆ ಮಾಡಲು ತುಂಬ ಎತ್ತರದ ಗೋಪುರ ಬೇಕು. ಬೇರೆಯಾದ ಮೇಲೆ ಪ್ರೊಪೇನ್ ಅಡುಗೆ ಸಿಲಿಂಡರಿಗೆ, ಪ್ರೊಪಿಲೀನ್ ದಾನಾಗೆ. ನಿಮ್ಮ ಮನೆಯ ಒಲೆಯ ಉರಿಗೂ ಕೊಟ್ಟಿಗೆಯ ಹಿಂಡಿ ಚೀಲಕ್ಕೂ ಇರುವ ರಕ್ತಸಂಬಂಧ ಇದು.

ಆಮೇಲಿನದು ಪೋಣಿಸುವ ಕೆಲಸ. ಮಲ್ಲಿಗೆ ಮೊಗ್ಗು ಕಟ್ಟಿದ ಹಾಗೆ ಪ್ರೊಪಿಲೀನ್ ಅಣುಗಳು ಒಂದರ ಪಕ್ಕ ಒಂದು, ಎಲ್ಲದರ ತೊಟ್ಟೂ ಒಂದೇ ಕಡೆಗೆ ಇರುವಂತೆ ಸೇರಬೇಕು. ಅಡ್ಡಾದಿಡ್ಡಿ ಸೇರಿದರೆ ಮೇಣದಂಥ ಅಂಟು ಆಗುತ್ತದೆ, ಚೀಲ ಆಗುವುದಿಲ್ಲ. ಹೀಗೆ ಸಾಲಾಗಿ ಕಟ್ಟಿಸುವ ವೇಗವರ್ಧಕದ ದಾರಿ ತೋರಿಸಿದ ಝೀಗ್ಲರ್ ಮತ್ತು ನಟ್ಟಾ ಅವರಿಗೆ 1963ರಲ್ಲಿ ನೊಬೆಲ್ ಬಂತು. ಸರ ಎಷ್ಟು ಉದ್ದ ಎನ್ನುವುದರ ಮೇಲೆ ಗ್ರೇಡು. ಚೀಲದವರಿಗೆ ಬೇಕಾದ್ದು ರಾಫಿಯಾ ಗ್ರೇಡ್, ಎಂಎಫ್‌ಐ ಸುಮಾರು 3. ಎಂಎಫ್‌ಐ ಅಂದರೆ ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವ ಅಳತೆ. ಬಕೆಟ್ಟು, ಕುರ್ಚಿ ಅಚ್ಚು ಹಾಕುವವರಿಗೆ ಇನ್ನೂ ತೆಳ್ಳಗೆ ಹರಿಯುವುದು ಬೇಕು.

ಮಿಕ್ಕ ಮಕ್ಕಳ ವಿಷಯ ಬೇಗ ಮುಗಿಸುತ್ತೇನೆ. ನಾಫ್ತಾದಿಂದ ಪ್ಯಾರಾಕ್ಸೈಲೀನ್ ಬರುತ್ತದೆ. ಅದಕ್ಕೆಂದೇ ಪಕ್ಕದಲ್ಲಿದ್ದ ಒಎಂಪಿಎಲ್ ಕಂಪನಿ 2022ರಲ್ಲಿ ಎಂಆರ್‌ಪಿಎಲ್‌ನಲ್ಲೇ ಸೇರಿಹೋಯಿತು. ಅದು ಕೊನೆಗೆ ಪಾಲಿಯೆಸ್ಟರ್ ನೂಲಾಗುತ್ತದೆ, ನನ್ನ ಅಂಗಿಯಾಗುತ್ತದೆ. ಡೀಸೆಲ್ಲಿನಿಂದ ತೆಗೆದ ಗಂಧಕವೂ ಮಾರಾಟದ ಮಾಲೇ. ಕಬ್ಬಿನ ಹಾಲನ್ನು ತಿಳಿ ಮಾಡಲು ಸಕ್ಕರೆ ಕಾರ್ಖಾನೆಗಳು ಗಂಧಕ ಉರಿಸುತ್ತವಲ್ಲ. 2020ರ ಏಪ್ರಿಲ್ 1ರಿಂದ ವಾಹನದ ಹೊಗೆಯ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲು ಮಾತ್ರ ಇರಬಹುದು. ರಸ್ತೆಯ ಡಾಂಬರೂ ಇದೇ ಮನೆಯದು.

ನೂರರಲ್ಲಿ ಮೂರು

ಈಗ ಲೆಕ್ಕದವನ ಕಣ್ಣಿಂದ ನೋಡಿ. ಒಂದೂವರೆ ಕೋಟಿ ಟನ್ ಎಣ್ಣೆ ಒಳಗೆ ಹೋಗುವ ಜಾಗದಲ್ಲಿ ದಾನಾ ಆಗುವುದು 4.4 ಲಕ್ಷ ಟನ್. ನೂರು ಕೆ.ಜಿ.ಗೆ ಹತ್ತಿರ ಹತ್ತಿರ ಮೂರು ಕೆ.ಜಿ. ಆ ಮೂರು ಕೆ.ಜಿ. ಹೊರಗೆ ಬರಬೇಕಾದರೆ ಮಿಕ್ಕ ತೊಂಬತ್ತೇಳಕ್ಕೂ ಗಿರಾಕಿ ಇರಬೇಕು. ಬಹುಪಾಲು ಅದು ಡೀಸೆಲ್, ಪೆಟ್ರೋಲ್, ವಿಮಾನದ ಇಂಧನ.

ಭಾವನಿಗೆ ನಾನು ಹೇಳಿದ್ದು ಹೀಗೆ: “ಬಂಗಾರದಿಂದ ಬಳೆ ಒಂದೇ ಆಗುತ್ತೆ ಭಾವ. ಇದು ಬಳೆ ಅಲ್ಲ, ಸಗಣಿ. ಸಗಣಿ ಬೇಕು ಅಂತ ಯಾರೂ ಹಸು ಕಟ್ಟಲ್ಲ. ಹಾಲಿಗೆ ಗಿರಾಕಿ ಇಲ್ಲ ಅಂತ ಹಸು ಮಾರಿಬಿಟ್ಟರೆ ನಿಮ್ಮ ಗದ್ದೆಗೆ ಗೊಬ್ಬರ ಎಲ್ಲಿಂದ ಬರುತ್ತೆ?”

ದಾನಾವನ್ನು ಸಗಣಿ ಅಂದಿದ್ದಕ್ಕೆ ಅವರಿಗೆ ಬೇಜಾರಾಯಿತು. ಆದರೆ ವಿಷಯ ತಲೆಗೆ ಹೋಯಿತು.

2020ರ ಏಪ್ರಿಲ್‌ನಲ್ಲಿ ಆಗಿದ್ದೇ ಇದು. ವಿಮಾನ ನಿಂತಿತ್ತು, ಬಸ್ಸು ನಿಂತಿತ್ತು, ಬೈಕೂ ನಿಂತಿತ್ತು. ದೇಶದಲ್ಲಿ ಇಂಧನದ ಬಳಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ರಿಫೈನರಿಗಳ ಟ್ಯಾಂಕು ತುಂಬಿ, ಓಟ ತಗ್ಗಿಸಬೇಕಾಯಿತು. ಓಟ ತಗ್ಗಿದರೆ ಪ್ರೊಪಿಲೀನೂ ತಗ್ಗುತ್ತದೆ. ಎಣ್ಣೆ ಅಗ್ಗವಾಗಲು ಕಾರಣವಾದ ಸಂಗತಿಯೇ ದಾನಾದ ಹುಟ್ಟುವಳಿಯನ್ನೂ ಹಿಡಿದೆಳೆಯುತ್ತಿತ್ತು. ಭಾವ ಒಂದು ಮುಖ ಮಾತ್ರ ನೋಡಿದ್ದರು.

ಇನ್ನು ಆ ಪುಕ್ಕಟೆ ಎಣ್ಣೆಯ ಸುದ್ದಿ. ಏಪ್ರಿಲ್ 20ರಂದು ಮೈನಸ್ 37.63 ಡಾಲರ್‌ಗೆ ಹೋಗಿದ್ದು ಅಮೆರಿಕದ ಡಬ್ಲ್ಯುಟಿಐ ತೈಲದ ಮೇ ತಿಂಗಳ ಮುಂಗಡ ಖರೀದಿಯ ಕರಾರು. ಅದನ್ನು ಒಕ್ಲಹೋಮಾದ ಕುಶಿಂಗ್ ಎಂಬಲ್ಲಿ ಡೆಲಿವರಿ ತಗೋಬೇಕು. ಅಲ್ಲಿ ಟ್ಯಾಂಕುಗಳಲ್ಲಿ ಜಾಗ ಇಲ್ಲ. ಮರುದಿನ ಕರಾರಿನ ಗಡುವು. ಕೈಲಿದ್ದವರು ತೊಲಗಿದರೆ ಸಾಕು ಅಂತ ಬಿಸಾಕಿದರು. ಅರಬ್ಬೀ ಸಮುದ್ರದ ಕಡೆ ಬರುವ ಎಣ್ಣೆಗೆ ಆ ಬೆಲೆ ಇರಲಿಲ್ಲ. ಜಗತ್ತಿನ ಬಹುಪಾಲು ಎಣ್ಣೆಗೆ ಬೆಲೆಯ ಅಳತೆಗೋಲಾದ ಬ್ರೆಂಟ್ ತೈಲ ಕೂಡ 20 ಡಾಲರ್‌ಗಿಂತ ಕೆಳಕ್ಕೆ ಇಣುಕಿತು, ಆದರೆ ಸೊನ್ನೆಗೆ ಹೋಗಲಿಲ್ಲ. ಆ ಅಗ್ಗದ ಎಣ್ಣೆ ಕೊಂಡು ನಮ್ಮ ಸರ್ಕಾರ ಮಂಗಳೂರು, ಪಾದೂರು ಮತ್ತು ವಿಶಾಖಪಟ್ಟಣದ ನೆಲದಡಿಯ ಸಂಗ್ರಹಾಗಾರಗಳನ್ನು ತುಂಬಿಕೊಂಡಿತು. ಮೇ ತಿಂಗಳಲ್ಲಿ ಅಬಕಾರಿ ಸುಂಕವನ್ನು ಪೆಟ್ರೋಲಿಗೆ 10 ರೂಪಾಯಿ, ಡೀಸೆಲ್ಲಿಗೆ 13 ರೂಪಾಯಿ ಏರಿಸಿತು. ಭಾವನ ಲಾರಿ ಬಾಡಿಗೆ ಕೂಡ ಇಳಿಯಲಿಲ್ಲ.

ಇತ್ತ ದಾನಾಗೆ ಹೊಸ ಗಿರಾಕಿಗಳು. ಮಾಸ್ಕು ಮತ್ತು ಪಿಪಿಇ ಕಿಟ್‌ನ ಬಟ್ಟೆಯೂ ಪಾಲಿಪ್ರೊಪಿಲೀನೇ. ಗ್ರೇಡು ಬೇರೆ, ತಾಯಿ ಒಂದೇ. ಮನೆಗೆ ತರಿಸಿಕೊಳ್ಳುವ ಊಟದ ಡಬ್ಬಿಯೂ ಅದೇ. ವರ್ಷದ ಕೊನೆಗೆ ಹಡಗಿನ ಕಂಟೇನರು ಸಿಗದೆ ಸಾಗಣೆ ಬಾಡಿಗೆ ಹುಚ್ಚೆದ್ದು ಏರಿತು.

ಹಡಗಿನ ಬಾಡಿಗೆಗೂ ಮಂಗಳೂರಿನ ದಾನಾಗೂ ಏನು ಸಂಬಂಧ ಅಂತ ಭಾವ ಕೇಳಿದ್ದರು. ಒಳ್ಳೆಯ ಪ್ರಶ್ನೆ. ನಮ್ಮ ಕಂಪನಿಗಳು ದಾನಾದ ಬೆಲೆ ಕಟ್ಟುವುದು ತಮ್ಮ ಖರ್ಚಿನ ಮೇಲಲ್ಲ. ಅದೇ ಮಾಲು ಹೊರದೇಶದಿಂದ ತರಿಸಿದರೆ ಎಷ್ಟಾಗುತ್ತದೆ ಎಂಬುದರ ಮೇಲೆ. ಅಲ್ಲಿನ ಬೆಲೆ, ಹಡಗಿನ ಬಾಡಿಗೆ, ಮೇಲೆ ಕಸ್ಟಮ್ಸ್ ಸುಂಕ, ಆಗ ಶೇ 7.5 ಇತ್ತು. ಹಾಸನದ ಕಾಫಿಯ ಬೆಲೆ ಲಂಡನ್, ನ್ಯೂಯಾರ್ಕ್ ನೋಡಿಕೊಂಡು ಏರಿಳಿಯುವುದಿಲ್ಲವೇ? ಹಾಗೇ. ಅಷ್ಟರಲ್ಲಿ 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಅಪರೂಪದ ಹಿಮ ಸುರಿಯಿತು. ಕರೆಂಟು ಹೋಗಿ, ಪೈಪು ಹೆಪ್ಪುಗಟ್ಟಿ, ಅಲ್ಲಿನ ಪೆಟ್ರೋಕೆಮಿಕಲ್ ಘಟಕಗಳು ಸಾಲಾಗಿ ನಿಂತವು. ಜಗತ್ತಿನಾದ್ಯಂತ ದಾನಾ ಏರಿತು. ಟೆಕ್ಸಾಸ್‌ನ ಹಿಮಕ್ಕೆ ಹಾಸನದಲ್ಲಿ ಬಳೆ ಕಳಚಿದ್ದು ಹೀಗೆ.

ತಪ್ಪು ಎಲ್ಲಿ

ಬೆಲೆ ಊಹಿಸಲು ಆಗಲಿಲ್ಲ ಎನ್ನುವುದು ಭಾವನ ತಪ್ಪಲ್ಲ. ಆ ವರ್ಷ ಯಾರಿಗೂ ಆಗಲಿಲ್ಲ. ನನ್ನ ಪ್ರಕಾರ ತಪ್ಪು ಇದ್ದಿದ್ದು ಜೂನಿನ ಆ ಕಾಗದದಲ್ಲಿ. ಚೀಲದ ದರಕ್ಕೆ ಬೀಗ ಹಾಕಿ, ದಾನಾದ ದರವನ್ನು ಬೀದಿಗೆ ಬಿಟ್ಟರು. ಹೂಮಳೆ ಬೀಳುವ ಮುಂಚೆಯೇ ಬೆಳೆ ಮಾರಿದ ಹಾಗಾಯಿತು. ದಾನಾ ಕೊಂಡಿಟ್ಟುಕೊಂಡು ದರ ಕಟ್ಟಿದ್ದರೆ ಲಾಭ ಕಡಿಮೆಯಾಗುತ್ತಿತ್ತೇನೋ, ಬಳೆ ಉಳಿಯುತ್ತಿತ್ತು. ಕಾಯಲೇಬೇಕು ಅನ್ನಿಸಿದ್ದರೆ ಚೀಲದ ದರವನ್ನೂ ತಿಂಗಳು ತಿಂಗಳಿಗೆ ಬಿಡಬೇಕಿತ್ತು. ಎರಡರಲ್ಲಿ ಒಂದು. ಇದನ್ನು ಅವರ ಪುಸ್ತಕ ತಿರುವಿದ ದಿನವೇ ಹೇಳಿದೆ. “ಏಪ್ರಿಲ್‌ನಲ್ಲಿ ಹೂಂ ಅಂದೋನು ನೀನೇ ಅಲ್ವೇನೋ” ಅಂದರು. ಸುಮ್ಮನಾದೆ.

ಈಗ ಆರ್ಡರಿನ ಕಾಗದದಲ್ಲಿ ಒಂದು ಸಾಲು ಸೇರಿದೆ. ರಾಫಿಯಾ ಗ್ರೇಡಿನ ಕಂಪನಿ ಪ್ರೈಸ್ ಲಿಸ್ಟು ಏರಿದರೆ ಅಥವಾ ಇಳಿದರೆ ಚೀಲದ ದರವೂ ಅದೇ ಲೆಕ್ಕದಲ್ಲಿ ಬದಲಾಗುತ್ತದೆ ಅಂತ. ಮೊದಲ ವರ್ಷ ಈ ಸಾಲಿಗೆ ಇಬ್ಬರು ಗಿರಾಕಿಗಳು ಬಿಟ್ಟುಹೋದರು. ಒಬ್ಬರು ವಾಪಸ್ ಬಂದರು. ತಿಂಗಳ ಮೊದಲ ದಿನ ಭಾವ ಲಿಸ್ಟು ನೋಡುತ್ತಾರೆ. ಕಚ್ಚಾತೈಲದ ಬೆಲೆ ನೋಡುವುದನ್ನು ಬಿಟ್ಟಿಲ್ಲ. ಆದರೆ ಜೊತೆಗೆ ಯಾವ ರಿಫೈನರಿ ರಿಪೇರಿಗೆ ನಿಂತಿದೆ ಅಂತಲೂ ಡೀಲರನ್ನು ಕೇಳುತ್ತಾರೆ.

ಹೋದ ಸಲ ಹಬ್ಬಕ್ಕೆ ಹೋದಾಗ ಶೆಡ್ಡಿನ ಮುಂದೆ ಮೂಟೆಯ ಮೇಲೆ ಕೂತಿದ್ದರು. ಮಗನ ಎಲೆಕ್ಟ್ರಿಕ್ ಸ್ಕೂಟರು ಚಾರ್ಜಿಗೆ ನಿಂತಿತ್ತು. ಅದನ್ನೇ ನೋಡುತ್ತಾ ಕೇಳಿದರು, “ಎಲ್ಲರೂ ಇದನ್ನೇ ಓಡಿಸೋಕೆ ಶುರುಮಾಡಿದ್ರೆ ಪೆಟ್ರೋಲಿಗೆ ಗಿರಾಕಿ ಕಮ್ಮಿ ಆಗುತ್ತಲ್ಲ. ಆಗ ನನ್ನ ಸಗಣಿ ಗತಿ ಏನೋ?”

ಅದಕ್ಕೇ ಕಂಪನಿಗಳು ಇಂಧನದ ಪಾಲು ಇಳಿಸಿ ಪೆಟ್ರೋಕೆಮಿಕಲ್ ಪಾಲು ಏರಿಸುವ ದಾರಿ ಹುಡುಕುತ್ತಿವೆ, ಹಾಲಿಗಿಂತ ಸಗಣಿಯೇ ಮುಖ್ಯ ಅನ್ನುವ ಹಸು ಕಟ್ಟುತ್ತಿವೆ ಅಂದೆ. ಅವರು ನಕ್ಕರು. ಅಕ್ಕ ಒಳಗಿಂದ ಕಾಫಿ ತಂದುಕೊಟ್ಟಳು. ಕೈಯಲ್ಲಿ ಮೂರು ಜೊತೆ ಬಳೆ ಇತ್ತು. ನಾಲ್ಕನೆಯದು ಇನ್ನೂ ಬ್ಯಾಂಕಿನಲ್ಲೇ ಇದೆ.